ಬೆಣ್ಣೆಯಮ್ಮ ಹೇಳದೆ ಬಿಟ್ಟ ವಾಕ್ಯ

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಜನರನ್ನು ಕೆಲಸದಿಂದ ತೆಗೆಯುತ್ತಾಳೆಂದು ಲಾಂಡ್ರಿಯವರೆಲ್ಲ ಅವಳನ್ನು ಬೆನ್ನ ಹಿಂದೆ ಬೆಣ್ಣೆಯಮ್ಮ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಒಂದಿಷ್ಟು ಹೆಮ್ಮೆಯೇ ಆಗಿತ್ತು. ಕೊಡಲಿಗೆ ಬೆಣ್ಣೆ ಸವರಿ ಹೊಡೆದರೆ ಪೆಟ್ಟು ತಿಂದವನಿಗೆ ಏನು ಲಾಭ ಎಂದು ಆಗಿನ್ನೂ ಯಾರೂ ಅವಳನ್ನು ಕೇಳಿರಲಿಲ್ಲ.

ಅದು ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಹಿಂದಿನ ಗೇಟಿನಿಂದ ಕೊಳೆಗಂಟುಗಳು ಒಳಗೆ ಬರುತ್ತಿದ್ದವು, ಮುಂದಿನ ಗೇಟಿನಿಂದ ಬಿಳಿ ಚಾದರಗಳು ಮಡಿಕೆ ಹಾಕಿಸಿಕೊಂಡು ಗಂಭೀರವಾಗಿ ಹೊರಗೆ ಹೋಗುತ್ತಿದ್ದವು. ಕೆಲಸದವರ ಓಡಾಟವೆಲ್ಲ ಕೊಳೆಗಂಟುಗಳ ಜೊತೆ, ಹಿಂದಿನ ಗೇಟಿನಲ್ಲೇ. ಬೆಣ್ಣೆಯಮ್ಮ ಬರುವ ಮೊದಲು ಕೆಲಸದಿಂದ ತೆಗೆಯುವುದನ್ನು ಯಜಮಾನರು ತಾವೇ ಮಾಡುತ್ತಿದ್ದರು. ಮಾಡುವುದೇನು ಬಂತು, ಯಂತ್ರಗಳಿರುವ ಹಾಲ್ ನಡುವೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಕೂಗಿಸಿಕೊಂಡವನು ತನ್ನ ಊಟದ ಡಬ್ಬಿ ಹುಡುಕಿಕೊಂಡು ಹೊರಡುತ್ತಿದ್ದ. ರಕ್ತದೊತ್ತಡ ಬಂದ ಮೇಲೆ ವೈದ್ಯರು ಕೂಗಬೇಡಿ ಎಂದರು. ಹಾಗಾಗಿ ಅವರು ಕೂಗದೆ ಅದೇ ಕೆಲಸ ಮಾಡುವವರೊಬ್ಬರನ್ನು ಹುಡುಕಿ, ಸಿಬ್ಬಂದಿ ವಿಭಾಗ ಎಂದು ಬಾಗಿಲಿಗೆ ಬೋರ್ಡು ಹಾಕಿ, ಇವಳನ್ನು ತಂದು ಕೂರಿಸಿದರು.

ಅವಳಿಗೆ ಆ ಕೆಲಸ ಹೊಟ್ಟೆಪಾಡು ಮಾತ್ರವಾಗಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಅವಳ ಅಪ್ಪನನ್ನು ಒಂದು ಕಾರ್ಖಾನೆಯ ಗೇಟಿನಲ್ಲೇ ಕಾವಲುಗಾರ ತಡೆದು, ನಿನ್ನ ಹೆಸರು ಕಿತ್ತುಹಾಕಿದ್ದಾರೆ, ಹೋಗು ಎಂದಿದ್ದ. ಅಪ್ಪ ಅವತ್ತು ಸಂಜೆಯವರೆಗೆ ಅದೇ ಗೇಟಿನೆದುರು ನಿಂತಿದ್ದು ಮನೆಗೆ ಬಂದು, ಆಮೇಲೆ ಬದುಕಿದ್ದಷ್ಟು ಕಾಲವೂ ಯಾವ ಬಾಗಿಲ ಮುಂದೆಯೂ ಒಂದು ಕ್ಷಣ ಅನುಮಾನಿಸದೆ ಒಳಗೆ ಕಾಲಿಟ್ಟವನಲ್ಲ. ತನ್ನ ಕೈಯಲ್ಲಿ ಯಾರಿಗೂ ಹಾಗಾಗಬಾರದು ಎಂದು ಅವಳು ಪಣ ತೊಟ್ಟಂತೆ ಕೆಲಸ ಮಾಡಿದಳು.

ಅವಳ ರೀತಿನೀತಿಗಳೇ ಬೇರೆ. ಯಾರನ್ನೂ ಗೇಟಿನಲ್ಲಿ ತಡೆಯಕೂಡದು ಎಂದು ಕಾವಲುಗಾರನಿಗೆ ಕಟ್ಟಪ್ಪಣೆ. ತೆಗೆಯಬೇಕಾದವರನ್ನು ಕರೆದು ಎದುರಿಗಲ್ಲ, ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಟೀ ತಾನೇ ಸೋಸಿ ಕೊಡುತ್ತಿದ್ದಳು. ಕಾಗದಪತ್ರಗಳನ್ನು ಕೈಗಿಟ್ಟರೆ ಮನಸ್ಸಿಗೆ ನೋವೆಂದು ಅವು ಆಮೇಲೆ ನಿಧಾನವಾಗಿ ಅಂಚೆಯಲ್ಲಿ ಹೋಗುತ್ತಿದ್ದವು. ಎಲ್ಲಕ್ಕಿಂತ ಮೇಲಿನದು ಬೀಳ್ಕೊಡುಗೆ. ಹೋಗುವವರಿಗಾಗಿ ಯಂತ್ರಗಳೆಲ್ಲ ನಿಲ್ಲುತ್ತಿದ್ದವು, ಹಾಲ್‌ನ ಕೆಲಸದವರು ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಅವರು ಆ ಸಾಲಿನ ನಡುವೆ ನಡೆದು ಚಾದರಗಳು ಹೋಗುವ ಮುಂದಿನ ಗೇಟಿನಿಂದ ಹೊರಗೆ ಹೋಗುತ್ತಿದ್ದರು. ವಯಸ್ಸಾಗಿ ನಿವೃತ್ತರಾದವರಿಗೂ ಅದೇ ಸಾಲು, ಬಡ್ತಿ ಸಿಕ್ಕಿ ಹಾಲ್ ಬಿಡುವವರಿಗೂ ಅದೇ, ಕೆಲಸ ಹೋದವರಿಗೂ ಅದೇ. ನೋಡುವವರಿಗೆ ವ್ಯತ್ಯಾಸ ತಿಳಿಯಬಾರದು, ಕೆಲಸ ಕಳೆದುಕೊಂಡವನು ತಲೆ ತಗ್ಗಿಸಬಾರದು ಎಂಬುದು ಅವಳ ಯೋಚನೆ. ಸೋಪಿನ ಪುಡಿ ಅಳೆಯುತ್ತಿದ್ದ ಮುದುಕನೊಬ್ಬ ಹೀಗೆ ಚಪ್ಪಾಳೆಯ ನಡುವೆ ಹೋಗಿದ್ದವನು ಮಾರನೆಯ ದಿನ ಗೋದಾಮಿನ ಉಸ್ತುವಾರಿಯಾಗಿ ವಾಪಸು ಬಂದಿದ್ದ. ಹಾಗೆ ಹೋದ ಇನ್ನಿಬ್ಬರು ಬರಲೇ ಇಲ್ಲ.

ಲಾಂಡ್ರಿಯ ಅರ್ಧ ಹೊಟ್ಟೆ ತುಂಬಿಸುತ್ತಿದ್ದ ದೊಡ್ಡ ಆಸ್ಪತ್ರೆ ಒಂದು ದಿನ ತನ್ನ ಬಟ್ಟೆಗಳನ್ನು ಬೇರೆಯವರಿಗೆ ಕೊಟ್ಟುಬಿಟ್ಟಿತು. ಯಜಮಾನರು ಅವಳನ್ನು ಕರೆಸಿ, ಇಸ್ತ್ರಿ ರೋಲರ್ ಎರಡರಲ್ಲಿ ಒಂದನ್ನು ನಿಲ್ಲಿಸುತ್ತೇನೆ, ಮೊದಲು ಆ ಹಳೆಯ ಮನುಷ್ಯ ಹೊರಡಲಿ, ನಿಮ್ಮ ರೀತಿಯಲ್ಲೇ ಮಾಡಿ ಎಂದರು.

ಹಳೆಯ ಮನುಷ್ಯ ಎಂದರೆ ಇಸ್ತ್ರಿಯಣ್ಣ. ಮೀಸೆ ನರೆತರೂ ಬೆನ್ನು ಬಾಗದ ಆಳು. ರೋಲರಿನ ಬಿಸಿಗೆ ಅವನ ಮುಂಗೈಗಳಲ್ಲಿ ಕೂದಲು ಹುಟ್ಟುವುದನ್ನೇ ಬಿಟ್ಟಿತ್ತು. ಹೊರಬಂದ ಚಾದರದ ಒಂದು ತುದಿ ಅವನು ಹಿಡಿದರೆ ಇನ್ನೊಂದು ತುದಿ ಎದುರಿನಕ್ಕನ ಕೈಯಲ್ಲಿ. ಇಬ್ಬರೂ ಹತ್ತಿರ ಬಂದು ಮೂಲೆ ಕೂಡಿಸಿ, ಹಿಂದೆ ಸರಿದು ಎಳೆದು, ಮತ್ತೆ ಹತ್ತಿರ ಬರುವುದನ್ನು ನೋಡಿ ಹಾಲಿನವರು, ಇವರದು ದಿನಾ ಮದುವೆ, ದಿನಾ ತವರುಮನೆ ಎಂದು ನಗುತ್ತಿದ್ದರು. ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಹೆಂಡತಿಗೆ ಸೊಂಟನೋವು, ಒಂದು ಗಳಿಗೆ ನಿಂತರೆ ಎರಡು ಗಳಿಗೆ ಕೂರಬೇಕು. ಅವನ ವಯಸ್ಸಿನವರಿಗೆ ಹೊಸದಾಗಿ ಕೆಲಸ ಕೊಡುವ ಪುಣ್ಯಾತ್ಮರು ಎಲ್ಲೂ ಇರಲಿಲ್ಲ.

ಅವಳು ಹೇಳಬೇಕಾದ ವಾಕ್ಯವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದಳು. ಟೀ ಕೊಟ್ಟಳು. ಹೆಂಡತಿಯ ಸೊಂಟ ವಿಚಾರಿಸಿದಳು. ಅವನ ಕೆಲಸವನ್ನು ಮನಸಾರೆ ಹೊಗಳಿದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇಷ್ಟು ವರ್ಷ ಆ ಬಿಸಿಯ ಮುಂದೆ ನಿಂತದ್ದು ಸಾಕು, ಇನ್ನು ನಿಮ್ಮ ಕೈಗಳಿಗೆ ವಿಶ್ರಾಂತಿ ಬೇಕು ಎಂದಳು. ಇನ್ನೇನು ವಾಕ್ಯ ನಾಲಿಗೆಯ ತುದಿಗೆ ಬರಬೇಕು, ಅಷ್ಟರಲ್ಲಿ ಅವನೇ ಬಾಯಿಬಿಟ್ಟ. ಹಾಸ್ಟೆಲ್ ಒಂದರ ಲಾಂಡ್ರಿಯಲ್ಲಿ ತನ್ನ ಭಾವ, ಹೆಂಡತಿಯ ಅಣ್ಣ, ಮೇಸ್ತ್ರಿ, ಇಲ್ಲಿ ಜನ ಕಡಿಮೆ ಮಾಡುತ್ತಾರೆಂಬ ಗಾಳಿಸುದ್ದಿ ಕೇಳಿ ತನಗಾಗಿ ಒಂದು ಜಾಗ ಹಿಡಿದಿಟ್ಟಿದ್ದಾನೆ, ಇವತ್ತು ಸಂಜೆಯೊಳಗೆ ಬರುತ್ತೀನಿ ಇಲ್ಲ ಬರಲ್ಲ ಎಂದು ಹೇಳಬೇಕಂತೆ, ಎರಡು ದಿನದಿಂದ ಅದೇ ಒದ್ದಾಟ ಎಂದ.

ಬೆಣ್ಣೆಯಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು. ಪಾಪ, ಇವನಿಗೆ ಎಲ್ಲ ಅರ್ಥವಾಗಿದೆ, ತನಗೆ ಹೇಳುವ ಕಷ್ಟ ಕೊಡಬಾರದೆಂದು ತಾನೇ ದಾರಿ ತೋರಿಸುತ್ತಿದ್ದಾನೆ, ಎಂಥ ದೊಡ್ಡ ಮನುಷ್ಯ ಎಂದುಕೊಂಡಳು. ಹೀಗೆ ಅಂದುಕೊಂಡ ಮೇಲೆ ಆ ಕಹಿ ವಾಕ್ಯ ಯಾಕೆ ಬೇಕು? ಅದನ್ನು ಅವಳು ಹೇಳಲೇ ಇಲ್ಲ. ಒಳ್ಳೆಯದಾಗಲಿ ಅಣ್ಣ ಎಂದು ಎದ್ದು ನಿಂತು ಅವನ ಎರಡೂ ಕೈ ಹಿಡಿದುಕೊಂಡಳು. ಅವನು, ನಾಳೆಯಿಂದ ಈ ಯೂನಿಫಾರ್ಮ್ ಬೇಡವೇ ಎಂದು ಕೇಳಿದ. ಬೇಡ ಎಂದಳು. ಅವನ ಮುಖ ಊರಗಲವಾಯಿತು.

ಯಂತ್ರಗಳು ನಿಂತವು. ಸಾಲು ನಿಂತಿತು. ಎದುರಿನಕ್ಕ ಕಣ್ಣೊರೆಸಿಕೊಳ್ಳುತ್ತಲೇ ಚಪ್ಪಾಳೆ ತಟ್ಟಿದಳು. ಇಸ್ತ್ರಿಯಣ್ಣ ಎಡಕ್ಕೂ ಬಲಕ್ಕೂ ಕೈಮುಗಿಯುತ್ತ, ಮದುವೆ ಗಂಡಿನ ಹಾಗೆ ನಾಚಿಕೊಳ್ಳುತ್ತ ಮುಂದಿನ ಗೇಟು ದಾಟಿದ. ಬೆಣ್ಣೆಯಮ್ಮ ಯಜಮಾನರ ಹತ್ತಿರ ಹೋಗಿ, ನಗುನಗುತ್ತಾ ಹೋದರು ಸಾರ್ ಎಂದು ವರದಿ ಒಪ್ಪಿಸಿದಳು. ಅವತ್ತು ಮನೆಯಲ್ಲಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಮಾರನೆಯ ಬೆಳಿಗ್ಗೆ ಅವಳು ಹಾಲಿನೊಳಗೆ ಕಾಲಿಟ್ಟಾಗ ಇಸ್ತ್ರಿಯಣ್ಣ ಮಡಿಸುವ ಮೇಜಿನ ತಲೆಭಾಗದಲ್ಲಿ ನಿಂತಿದ್ದ. ಗರಿಗರಿ ಬಿಳಿ ಅಂಗಿ, ಜೇಬಿನಲ್ಲಿ ಹೊಸ ಪೆನ್ನು, ಎಣ್ಣೆ ಹಚ್ಚಿ ಬಾಚಿದ ತಲೆ. ಹಾಲ್‌ನಲ್ಲಿ ಯೂನಿಫಾರ್ಮ್ ಇಲ್ಲದೆ ನಿಲ್ಲುವವನು ಸೂಪರ್‌ವೈಸರ್ ಒಬ್ಬನೇ, ಅವನು ಕೆಲಸ ಬಿಟ್ಟು ಹೋಗಿ ಆ ಜಾಗ ಖಾಲಿ ಬಿದ್ದಿತ್ತು. ಅವನು ಕೈ ಬೆನ್ನಿಗೆ ಕಟ್ಟಿಕೊಂಡು ಆ ಜಾಗದಲ್ಲಿ ನಿಂತು, ದಿಂಬಿನ ಚೀಲಗಳನ್ನು ಬೇರೆ ಮೇಜಿಗೆ ಹಾಕಿದರೆ ಚಾದರಕ್ಕೆ ಜಾಗವಾಗುತ್ತದೆ ಎಂದು ಎಲ್ಲರಿಗೂ ಮೃದುವಾಗಿ ತಿಳಿಸಿ ಹೇಳುತ್ತಿದ್ದ. ಹಾಲಿನವರು ಹೂಂ ಹೂಂ ಎನ್ನುತ್ತ ತಲೆ ಬಗ್ಗಿಸಿ ಮಡಿಸುತ್ತಿದ್ದರು. ಯಾರಿಗೂ ಅವನ ಮುಖ ನೋಡುವ ಧೈರ್ಯವಿಲ್ಲ. ಬೆಣ್ಣೆಯಮ್ಮ ಇಷ್ಟು ದಿನದಲ್ಲಿ ಅವರಿಗೆಲ್ಲ ತನ್ನ ಮೆತ್ತನೆಯ ಗುಣವನ್ನು ಕಲಿಸಿಬಿಟ್ಟಿದ್ದಳು. ಕಾವಲುಗಾರನೂ, ಯಾರನ್ನೂ ತಡೆಯಬೇಡ ಅಂತ ನೀವೇ ಹೇಳಿದ್ದಿರಲ್ಲ ಮೇಡಂ ಎಂದು ಆಮೇಲೆ ಕೈ ಚೆಲ್ಲಿದ.

ಎದುರಿನಕ್ಕ ಬಾಗಿಲ ಬಳಿಯೇ ಅವಳನ್ನು ತಡೆದು, ಅಣ್ಣನಿಗೆ ಬಡ್ತಿಯಾಯ್ತಂತೆ, ಹೌದಾ ಎಂದು ಪಿಸುಗುಟ್ಟಿದಳು. ಹೌದು ಎನ್ನಲಿ ಎಂಬ ಆಸೆ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು. ಬೆಣ್ಣೆಯಮ್ಮ ಇಸ್ತ್ರಿಯಣ್ಣನ ಹತ್ತಿರ ಹೋಗದೆ ನೇರವಾಗಿ ಯಜಮಾನರ ಕೋಣೆಗೆ ಹೋದಳು. ಸೂಪರ್‌ವೈಸರ್ ಜಾಗ ಖಾಲಿ ಇದೆಯಲ್ಲ ಸಾರ್, ಅದನ್ನೇ ಅವರಿಗೆ ಕೊಟ್ಟುಬಿಡೋಣ ಎಂದು ಗೋಗರೆದಳು. ಯಜಮಾನರು ಕೂಗಲಿಲ್ಲ, ಕೂಗಿದ್ದರೂ ವಾಸಿಯಿತ್ತು. ಆ ಜಾಗವನ್ನೇ ತೆಗೆದು ಹಾಕಿದ್ದೇನೆ, ಮುಂದಿನ ವಾರ ಇನ್ನೊಬ್ಬರನ್ನು ಕಳಿಸಬೇಕು, ಆ ಎದುರು ನಿಲ್ಲುವ ಹೆಂಗಸನ್ನು, ಅವಳಿಗೂ ನೀವೇ ಹೇಳಿ, ನಿಮ್ಮ ಕೈಗುಣ ಒಳ್ಳೆಯದು ಎಂದರು.

ಅವಳು ಇಸ್ತ್ರಿಯಣ್ಣನನ್ನು ಕೋಣೆಗೆ ಕರೆದಳು. ಈ ಸಲ ಟೀ ಮಾಡಲಿಲ್ಲ. ಅವನು ಕೂರುವ ಮೊದಲೇ, ಒಣಗಿಸುವ ಯಂತ್ರದ ಪಕ್ಕ ಗಾಳಿ ಸಾಲದು, ಅಲ್ಲೊಂದು ಫ್ಯಾನ್ ಹಾಕಿಸಿದರೆ ಹೆಣ್ಣುಮಕ್ಕಳಿಗೆ ಅನುಕೂಲ ಎಂದು ಶುರು ಮಾಡಿದ. ಭಾವನ ವಿಷಯ ಏನಾಯಿತು ಎಂದು ಅವಳು ಕೇಳಿದಳು. ಗೇಟು ದಾಟಿದ ತಕ್ಷಣ ಅಂಗಡಿಯ ಮುಂದೆ ನಿಂತು ಫೋನ್ ಮಾಡಿ ಬೇಡ ಅಂದೆ, ಪಾಪ, ಆ ಜಾಗ ಬೇರೆ ಯಾರಿಗಾದರೂ ಆಗಲಿ ಎಂದ. ಹೇಳುವಾಗ ದಾನ ಮಾಡಿದವನ ಸಂತೋಷ ಅವನ ದನಿಯಲ್ಲಿತ್ತು.

"ಅಣ್ಣ, ನಿಮಗೆ ಬಡ್ತಿ ಆಗಿಲ್ಲ. ನಿಮ್ಮನ್ನ ಕೆಲಸದಿಂದ ತೆಗೆದಿದೀವಿ. ನಿನ್ನೆನೇ ತೆಗೆದಿದ್ದು."

ಅವನು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಕಿಟಕಿಯಾಚೆ ರೋಲರಿನ ಬಾಯಿಂದ ಚಾದರವೊಂದು ಹೊರಗೆ ಬಂದು, ಹಿಡಿಯುವ ಎರಡನೇ ಕೈಯಿಲ್ಲದೆ ನೆಲಕ್ಕೆ ಇಳಿಯುತ್ತಿತ್ತು. ಅವನ ಕೈ ತಾನಾಗಿಯೇ ಮುಂದಕ್ಕೆ ಹೋಗಿ ವಾಪಸು ಬಂತು.

"ನಿನ್ನೆ ಯಾಕಮ್ಮ ಹೇಳ್ಲಿಲ್ಲ?"

ನಿಮಗೆ ಅರ್ಥವಾಗಿದೆ ಅಂದುಕೊಂಡೆ ಎನ್ನುವುದು ಉತ್ತರವಲ್ಲ, ನಿಮ್ಮ ಮನಸ್ಸು ನೋಯಬಾರದು ಅಂತ ಎನ್ನುವುದಂತೂ ನಾಚಿಕೆಗೇಡು. ಅವನೇನೂ ರೇಗಲಿಲ್ಲ. ನಿನ್ನೆ ಹೇಳಿದ್ದರೆ ಆ ಜಾಗ ಉಳಿಯುತ್ತಿತ್ತಲ್ಲ ಎಂದು ತನಗೆ ತಾನೇ ಎನ್ನುವಂತೆ ಅಂದ. ಅವಳು ಅವನೆದುರಿಗೇ ಭಾವನ ನಂಬರಿಗೆ ಫೋನ್ ಮಾಡಿದಳು, ತಪ್ಪೆಲ್ಲ ತನ್ನದೆಂದಳು. ಭಾವ ಸಮಾಧಾನದಿಂದಲೇ ಕೇಳಿಸಿಕೊಂಡ. ನಿನ್ನೆ ಸಂಜೆಯೇ ಬೇರೊಬ್ಬನನ್ನು ತೆಗೆದುಕೊಂಡಾಯಿತು, ಅವನೂ ಮಕ್ಕಳೊಂದಿಗ, ಇವತ್ತು ಬೆಳಿಗ್ಗೆ ಕೆಲಸಕ್ಕೆ ಬಂದು ನಿಂತಿದ್ದಾನೆ, ಅವನನ್ನು ಹೇಗೆ ಕಳಿಸಲಿ ಎಂದ. ಕಳಿಸಿ ಎನ್ನಲು ಅವಳಿಗೂ ಬಾಯಿ ಬರಲಿಲ್ಲ.

ಇಸ್ತ್ರಿಯಣ್ಣ ಕೋಣೆಯಿಂದ ಹೊರಬಂದಾಗ ಒಂದು ಅನಾಹುತ ನಡೆಯಿತು. ಅವನು ಹೊರಡುತ್ತಿದ್ದಾನೆಂದು ಕಂಡ ಎದುರಿನಕ್ಕ ಏನು ಮಾಡಬೇಕೋ ತೋಚದೆ ಯಂತ್ರ ನಿಲ್ಲಿಸಿದಳು. ಅವಳನ್ನು ನೋಡಿ ಉಳಿದವರೂ ನಿಲ್ಲಿಸಿದರು. ಒಬ್ಬೊಬ್ಬರಾಗಿ ಬಂದು ಮತ್ತೆ ಸಾಲು ನಿಲ್ಲತೊಡಗಿದರು. ಚಪ್ಪಾಳೆಗೆ ಕೈಗಳು ಅರ್ಧಕ್ಕೆ ಎದ್ದಿದ್ದವು.

"ಅಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ, ಅವರಿಗೆ ಕೆಲಸ ಮಾಡೋಕೆ ಹೇಳಿ," ಎಂದ ಇಸ್ತ್ರಿಯಣ್ಣ ಬೆಣ್ಣೆಯಮ್ಮನ ಕಡೆ ತಿರುಗಿ.

ಅವನು ಕೊಳೆಗಂಟುಗಳ ಮಧ್ಯೆ ದಾರಿ ಮಾಡಿಕೊಂಡು ಹಿಂದಿನ ಗೇಟಿನ ಕಡೆ ನಡೆದ. ಆ ಬಿಳಿ ಅಂಗಿಗೆ ಯಾವುದೋ ಗಂಟಿನ ಕೊಳೆ ತಾಗಿತು. ಅವಳು ಅವನ ಹಿಂದೆಯೇ ಓಡಿದಳು. ಗೇಟಿನಾಚೆ ನೀರು ಹರಿಯುವ ಕಾಲುವೆಯ ಕಟ್ಟೆಯ ಮೇಲೆ ಅವನು ಕುಳಿತಿದ್ದ. ಪಕ್ಕದಲ್ಲಿ ಕೂರಲು ಅವಳಿಗೆ ಧೈರ್ಯ ಸಾಲಲಿಲ್ಲ, ನಿಂತೇ ಇದ್ದಳು. ಏನಾದರೂ ಮಾಡುತ್ತೇನೆ, ಬೇರೆ ಲಾಂಡ್ರಿಗಳಲ್ಲಿ ಕೇಳುತ್ತೇನೆ ಎಂದಳು. ಕೇಳಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಆಸ್ಪತ್ರೆಯ ಬಟ್ಟೆ ಒಯ್ದವರ ಹತ್ತಿರ ಕೈಗಳಿಗಿಂತ ಯಂತ್ರಗಳೇ ಹೆಚ್ಚು.

ಅವನು ಕೊನೆಗೆ ಒಂದು ಉಪಕಾರ ಕೇಳಿದ. ನಿನ್ನೆ ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದ್ದ. ಟೀ ಕೊಟ್ಟಿದ್ದು, ಕೈ ಹಿಡಿದದ್ದು, ಚಪ್ಪಾಳೆ ತಟ್ಟಿದ್ದು, ಒಂದನ್ನೂ ಬಿಡದೆ. ಅವಳೇ ಎದ್ದು ನಿಂತು ಅಂಗಿಗೆ ಇಸ್ತ್ರಿ ಹಾಕಿದ್ದಳು. ಈಗ ಹೋಗಿ ಅವಳಿಗೆ ಹೇಗೆ ಮುಖ ತೋರಿಸಲಿ ಎಂದ.

"ನೀವೇ ಬಂದು ಹೇಳಿ. ನಿನ್ನೆ ನನಗೆ ಹೇಳಿದ್ರಲ್ಲ, ಹಾಗೇ ಹೇಳಿ. ಅರ್ಥ ಆಗಬಾರದು. ನಾಲ್ಕು ದಿನ ಅವಳಾದ್ರೂ ಖುಷಿಯಾಗಿರ್ಲಿ, ಅಷ್ಟರಲ್ಲಿ ನಾನೆಲ್ಲಾದ್ರೂ ನೋಡ್ಕೋತೀನಿ."

ಸಂಜೆ ಅವರಿಬ್ಬರೂ ಒಟ್ಟಿಗೆ ಹೋದರು. ಓಣಿಯೊಳಗೆ ಒಂದಕ್ಕೊಂದು ಅಂಟಿಕೊಂಡ ಮನೆಗಳು, ಮೆಟ್ಟಿಲ ಮೇಲೆ ಚಪ್ಪಲಿಗಳು, ಒಗೆದು ಹರವಿದ ಬಟ್ಟೆಗಳು. ಪಕ್ಕದ ಮನೆಯ ಮುದುಕಿಯೊಬ್ಬಳು ಅವನನ್ನು ನೋಡಿ, ಏನಪ್ಪ ದೊಡ್ಡ ಮನುಷ್ಯ ಆದ್ಯಂತೆ ಎಂದಳು. ಅವನು ಹೂಂ ಎಂದ. ಬಾಗಿಲವರೆಗೆ ಬಂದು, ಅಂಗಡಿಯಿಂದ ಏನೋ ತರುವ ನೆಪ ಹೇಳಿ ಓಣಿಯ ಮೂಲೆಗೆ ಸರಿದು ನಿಂತ.

ದಾರಿಯುದ್ದಕ್ಕೂ ಬೆಣ್ಣೆಯಮ್ಮ ಒಂದು ನಿರ್ಧಾರ ಮಾಡಿಕೊಂಡಿದ್ದಳು. ಇನ್ನು ಸುಳ್ಳು ಸಾಕು. ಈ ಹೆಂಗಸಿಗೆ ಎಲ್ಲವನ್ನೂ ನೇರವಾಗಿ ಹೇಳಿಬಿಡುವುದು. ಗಂಡಹೆಂಡತಿ ಒಟ್ಟಿಗೆ ಅತ್ತು, ಒಟ್ಟಿಗೆ ಏನಾದರೂ ದಾರಿ ಹುಡುಕಲಿ. ಹೆಂಡತಿ ಗೋಡೆ ಹಿಡಿದು ಎದ್ದು ಬಂದು, ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿ ಮುಂದಿಟ್ಟಳು. ಬೆಣ್ಣೆಯಮ್ಮ ಕೂರಲಿಲ್ಲ.

"ಅಕ್ಕ, ನಿಮ್ಮವರನ್ನ ಕೆಲಸದಿಂದ ತೆಗೆದಿದೀವಿ. ನಾನು ಸರಿಯಾಗಿ ಹೇಳ್ಲಿಲ್ಲ, ಅವರಿಗೆ ಬೇರೆ ಥರ ಅನ್ನಿಸ್ತು. ತಪ್ಪು ನನ್ನದು."

"ಗೊತ್ತು," ಎಂದಳು ಹೆಂಡತಿ.

ನಿನ್ನೆ ಅವನು ಹೇಳುತ್ತಿರುವಾಗಲೇ ಅವಳಿಗೆ ತಿಳಿದಿತ್ತಂತೆ. ಬಡ್ತಿ ಕೊಡುವವರು ಯಾರು ಹಾಗೆ ಎರಡೂ ಕೈ ಹಿಡಿದುಕೊಳ್ಳುತ್ತಾರೆ? ಆದರೆ ಅಷ್ಟರಲ್ಲಿ ಅವನು ಅವಳ ಅಣ್ಣನಿಗೆ ಫೋನ್ ಮಾಡಿ ಬೇಡವೆಂದಾಗಿತ್ತು. ಅವನು ಮಲಗಿದ ಮೇಲೆ ಅವಳು ಕದ್ದು ಅಣ್ಣನಿಗೆ ಮತ್ತೆ ಫೋನ್ ಮಾಡಿ ಬೇಡಿಕೊಂಡಿದ್ದಳು, ಜಾಗ ಹೋಗಿತ್ತು. ಇನ್ನು ಹೇಳಿ ಏನು ಪ್ರಯೋಜನ? ಮದುವೆಯಾದಾಗಿನಿಂದ ಅವನು ಅಷ್ಟು ಸಂತೋಷವಾಗಿದ್ದದ್ದನ್ನು ನೋಡಿರಲಿಲ್ಲವಂತೆ. ಬೆಳಿಗ್ಗೆ ಅಂಗಿ ಕೈಗೆ ಕೊಡುವಾಗ ಹೇಳಬೇಕೆಂದು ಬಾಯಿವರೆಗೆ ಬಂತು, ಅವನು ಕನ್ನಡಿ ಮುಂದೆ ನಿಂತು ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದ, ಆಗಲಿಲ್ಲ.

"ನನಗೆ ಗೊತ್ತಿತ್ತು ಅಂತ ಮಾತ್ರ ಅವರಿಗೆ ಹೇಳ್ಬೇಡಿ ಮೇಡಂ. ಗೊತ್ತಿದ್ದೂ ಅಷ್ಟು ಜನರ ಮುಂದೆ ಕಳಿಸ್ದೆ ಅಂದ್ರೆ, ಮತ್ತೆ ನನ್ನ ಮುಖ ನೋಡಲ್ಲ ಅವರು."

ಬೆಣ್ಣೆಯಮ್ಮ ಹೊರಗೆ ಬಂದಳು. ಮೂಲೆಯಲ್ಲಿ ಅವನು ಕಾಯುತ್ತಿದ್ದ. ಹೇಳಿದಿರಾ ಎಂದು ಕೇಳಿದ. ಹೇಳಿದೆ ಎಂದಳು. ಅವಳಿಗೆ ಏನಾದರೂ ಗೊತ್ತಾಯಿತಾ ಎಂದ. ನಿಜ ಆಡಿದರೆ ಒಳಗಿರುವವಳ ಬದುಕು ಮುರಿಯುತ್ತದೆ, ಆಡದಿದ್ದರೆ ಇವನು ನಾಳೆಯಿಂದ ನಾಟಕವಾಡಬೇಕು. ಎರಡರಲ್ಲಿ ಕರುಣೆ ಯಾವುದು ಎಂದು ಅವಳಿಗೆ ತಿಳಿಯಲಿಲ್ಲ. ಅವನು ಆಸೆಯಿಂದ ಅವಳ ಬಾಯಿಯನ್ನೇ ನೋಡುತ್ತಿದ್ದ.

"ಇಲ್ಲ ಅಣ್ಣ. ಖುಷಿಪಟ್ರು."

ಅವನು ಕೈಮುಗಿದ. ಅಂಗಿಯ ಕೊಳೆಯನ್ನು ಕೈಯಿಂದ ಉಜ್ಜಿ, ಬೆನ್ನು ನೆಟ್ಟಗೆ ಮಾಡಿಕೊಂಡು ಒಳಗೆ ಹೋದ. ಬಂದ್ರಾ ಸೂಪರ್‌ವೈಸರ್ ಸಾಹೇಬ್ರು ಎಂದು ಹೆಂಡತಿ ಗಟ್ಟಿಯಾಗಿ ತಮಾಷೆ ಮಾಡಿದ್ದು ಓಣಿಗೆಲ್ಲ ಕೇಳಿಸಿತು. ಅವನೂ ಗಟ್ಟಿಯಾಗಿ ನಕ್ಕ. ಬೆಳಗಾದರೆ ಅವಳು ಸೊಂಟ ಹಿಡಿದು ನಿಂತು ಅಂಗಿಗೆ ಇಸ್ತ್ರಿ ಹಾಕಿ ಕೊಡುತ್ತಾಳೆ, ಅವನು ಅದನ್ನು ತೊಟ್ಟು ಹೊರಡುತ್ತಾನೆ. ಎಲ್ಲಿಗೆ ಎಂದು ಅವಳು ಕೇಳುವಂತಿಲ್ಲ, ಅವನು ಹೇಳುವಂತಿಲ್ಲ.